ಕಾಫಿ ಒಂದೇ, ಕೊಳ್ಳುವವರ ಲೆಕ್ಕ ಬೇರೆ ಬೇರೆ

ಮೂಡಿಗೆರೆ, ಸಕಲೇಶಪುರ ಸುತ್ತಮುತ್ತಲಿನ ಸಣ್ಣ ಬೆಳೆಗಾರರ ಗುಂಪು ನಮ್ಮದು. ಎಲ್ಲರ ರೋಬಸ್ಟಾ ಜಾತಿಯ ಕಾಫಿ ಒಟ್ಟು ಮಾಡಿ, ಕ್ಯೂರಿಂಗ್ ಅಂದರೆ ಹೊಟ್ಟು ತೆಗೆದು ದರ್ಜೆ ವಿಂಗಡಿಸುವ ಕೆಲಸ ಮಾಡಿಸಿ, ನೇರವಾಗಿ ಹೊರದೇಶಕ್ಕೆ ಕಳಿಸುತ್ತೇವೆ. ಕೊಳ್ಳುವವರ ಜೊತೆ ಮಾತಾಡುವ ಕೆಲಸ ನನ್ನ ಪಾಲಿಗೆ ಬಂದಿದೆ. ಈಗ ನಮ್ಮ ಕಡೆಯ ಹುಡುಗರು ಕೆಲವರು ಸ್ವಂತವಾಗಿ ರಫ್ತು ಮಾಡಲು ಹೊರಟಿದ್ದಾರೆ. ಅವರು ಬಂದು ಮೊದಲು ಕೇಳುವುದೇ, "ಜಪಾನಿನವರು ಹೇಗೆ? ಇಟಲಿಯವರು ಹೇಗೆ?" ಅಂತ. ಜಪಾನಿನವರು ಮಾತು ಕಡಿಮೆ, ಇಟಲಿಯವರು ಮಾತು ಜಾಸ್ತಿ, ಜರ್ಮನಿಯವರು ಕಟ್ಟುನಿಟ್ಟು. ಇಷ್ಟನ್ನು ಯಾರು ಬೇಕಾದರೂ ಹೇಳುತ್ತಾರೆ. ಅದನ್ನು ನಂಬಿಕೊಂಡು ವ್ಯಾಪಾರಕ್ಕೆ ಕೂತರೆ ಏನೂ ಪ್ರಯೋಜನ ಇಲ್ಲ. ಎದುರಿಗೆ ಕೂತವರು ವಾಪಸ್ ಹೋಗಿ ಯಾರಿಗೆ ಉತ್ತರ ಕೊಡಬೇಕು? ನಾನು ಮೊದಲು ತಿಳಿದುಕೊಳ್ಳಲು ನೋಡುವುದು ಇದನ್ನು. ಅವರ ನಡವಳಿಕೆಯಲ್ಲಿ ನಮಗೆ ವಿಚಿತ್ರ ಅನ್ನಿಸುವ ಎಷ್ಟೋ ಸಂಗತಿಗಳು ಇಲ್ಲಿಂದಲೇ ಹುಟ್ಟುತ್ತವೆ.

ನಮ್ಮ ಕಡೆಯ ವಿಷಯವನ್ನೂ ಹೇಳಬೇಕು. ಅಪ್ಪ, ದೊಡ್ಡಪ್ಪನ ಕಾಲದಲ್ಲಿ ಬೆಳೆಗಾರ ಚೌಕಾಸಿ ಮಾಡುವ ಪ್ರಶ್ನೆಯೇ ಇರಲಿಲ್ಲ. ಬೆಳೆದ ಕಾಫಿಯನ್ನು ಸರ್ಕಾರದ ಕಾಫಿ ಮಂಡಳಿಯ ಪೂಲ್‌ಗೆ, ಅಂದರೆ ಎಲ್ಲರ ಕಾಫಿ ಸೇರುವ ಒಂದೇ ರಾಶಿಗೆ, ಹಾಕಬೇಕಿತ್ತು. ಮಂಡಳಿಯೇ ಹರಾಜು ಹಾಕುತ್ತಿತ್ತು, ದುಡ್ಡು ಕಂತು ಕಂತಾಗಿ ಬರುತ್ತಿತ್ತು. ಸೋವಿಯತ್ ಒಕ್ಕೂಟ ರೂಪಾಯಿ ಲೆಕ್ಕದಲ್ಲೇ ದೊಡ್ಡ ಪ್ರಮಾಣದಲ್ಲಿ ಕೊಳ್ಳುತ್ತಿತ್ತು. 1989ರಲ್ಲಿ ಅಂತರರಾಷ್ಟ್ರೀಯ ಕಾಫಿ ಒಪ್ಪಂದದಲ್ಲಿ ಯಾವ ದೇಶ ಎಷ್ಟು ರಫ್ತು ಮಾಡಬಹುದು ಅಂತ ಇದ್ದ ಕೋಟಾ ಮುರಿದುಬಿತ್ತು, 1991ರಲ್ಲಿ ಸೋವಿಯತ್ ಒಕ್ಕೂಟವೂ ಹೋಯಿತು. 1990ರ ದಶಕದ ಮಧ್ಯದ ಹೊತ್ತಿಗೆ ಪೂಲ್ ಪದ್ಧತಿಯೂ ಮುಗಿಯಿತು. ತೋಟ ಮಾಡುವುದು ಚೆನ್ನಾಗಿ ಗೊತ್ತಿದ್ದ, ಮಾರುವುದು ಗೊತ್ತೇ ಇಲ್ಲದ ಒಂದು ತಲೆಮಾರು ಒಂದೇ ಸಲಕ್ಕೆ ಮಾರುಕಟ್ಟೆಯ ಮುಂದೆ ನಿಂತಿತು. ನಮ್ಮ ಹಿರಿಯರು ಹೊರಗಿನವರ ಜೊತೆ ಮಾತಾಡುವಾಗ ಹಿಂಜರಿಯುವುದಕ್ಕೆ ಇದು ಕಾರಣ.

ನಾವು ಮೊದಲು ಮಾತಿಗೆ ಕೂತದ್ದು ಟ್ರಿಯೆಸ್ಟೆಯ ಒಬ್ಬ ರೋಸ್ಟರ್, ಅಂದರೆ ಕಾಫಿ ಹುರಿದು ಮಾರುವವರ ಜೊತೆ. ಇಟಲಿಯ ಈಶಾನ್ಯ ಮೂಲೆಯ ಬಂದರು ಅದು. 1719ರಲ್ಲೇ ಮುಕ್ತ ಬಂದರಾದ ಊರು, ಕಾಫಿ ವ್ಯಾಪಾರದಲ್ಲಿ ಬೆಳೆದ ಊರು. ಆ ಮನೆಯವರು ಮೂರನೇ ತಲೆಮಾರಿನ ರೋಸ್ಟರ್‌ಗಳು. ನಾನು ಹೋದ ಬೆಳಿಗ್ಗೆ ಅವರ ಕೋಣೆಯಲ್ಲಿ ಉದ್ದನೆಯ ಮೇಜಿನ ಮೇಲೆ ಬಟ್ಟಲುಗಳ ಸಾಲು ಇಟ್ಟಿದ್ದರು. ಯಾವ ಬಟ್ಟಲಲ್ಲಿ ಯಾರ ಕಾಫಿ ಅಂತ ಗುರುತು ಇಲ್ಲ. ಯಜಮಾನರು ಚಮಚದಲ್ಲಿ ತೆಗೆದು ಸುರ್ ಅಂತ ಎಳೆದುಕೊಂಡು, ಬಾಯಲ್ಲಿ ಆಡಿಸಿ, ಪಕ್ಕದ ಪಾತ್ರೆಗೆ ಉಗಿದು ಮುಂದೆ ಹೋಗುತ್ತಿದ್ದರು. ಒಂದು ಬಟ್ಟಲ ಹತ್ತಿರ ಎರಡು ಸಲ ವಾಪಸ್ ಬಂದರು. ತಣ್ಣಗಾದ ಮೇಲೆ ಮೂರನೇ ಸಲ ಬಂದು ಕುಡಿದರು. ಅದು ನಮ್ಮ ಪಾರ್ಚ್‌ಮೆಂಟ್, ಅಂದರೆ ಹಣ್ಣಿನ ಸಿಪ್ಪೆ ಬಿಡಿಸಿ ತೊಳೆದು ಒಣಗಿಸಿದ ಕಾಫಿ. ರೇಟಿನ ಮಾತು ಶುರುವಾಗುವ ಮೊದಲೇ ಅವರಿಗೆ ಅದು ಬೇಕು ಅಂತ ನನಗೆ ಗೊತ್ತಾಗಿತ್ತು.

ಆದರೂ ಮಧ್ಯಾಹ್ನದವರೆಗೆ ರೇಟಿನ ಮಾತೇ ಬರಲಿಲ್ಲ. ತೋಟದಲ್ಲಿ ಯಾವ ನೆರಳು ಮರ ಇದೆ, ಹೂಮಳೆ (ಕಾಫಿ ಹೂ ಅರಳಿಸುವ ಮಳೆ) ಸರಿಯಾಗಿ ಆಯಿತಾ, ಹಣ್ಣು ಕುಯ್ಯುವವರು ಎಲ್ಲಿಂದ ಬರುತ್ತಾರೆ, ಪಲ್ಪಿಂಗ್ (ಸಿಪ್ಪೆ ಬಿಡಿಸುವುದು) ಆದ ಮೇಲೆ ಎಷ್ಟು ಹೊತ್ತು ನೀರಲ್ಲಿ ಬಿಡುತ್ತೀರಿ, ಹೀಗೆ ಕೇಳುತ್ತಾ ಹೋದರು. ಊಟಕ್ಕೆ ಕರೆದುಕೊಂಡು ಹೋದರು. ನನ್ನ ಜೊತೆ ಬಂದಿದ್ದ ಅಣ್ಣನಿಗೆ ತಾಳ್ಮೆ ತಪ್ಪಿತ್ತು. "ಇವರಿಗೆ ಕೊಳ್ಳೋ ಮನಸ್ಸಿದೆಯೋ ಇಲ್ಲವೋ?" ಅಂತ ಕನ್ನಡದಲ್ಲಿ ಕೇಳಿದ. ಅವರಿಗೆ ಮನಸ್ಸಿತ್ತು. ಅವರು ಲೆಕ್ಕ ಹಾಕುತ್ತಿದ್ದದ್ದು ಬೇರೆ. ಎಸ್ಪ್ರೆಸ್ಸೋ ಬ್ಲೆಂಡ್‌ನಲ್ಲಿ ನಮ್ಮ ತೊಳೆದ ರೋಬಸ್ಟಾ ಹಾಕುವುದು ಮೇಲಿನ ನೊರೆಗೆ, ಬಾಯಿ ತುಂಬುವ ಗಟ್ಟಿತನಕ್ಕೆ. ಅವರ ಬ್ಲೆಂಡನ್ನು ಊರಿನ ಬಾರ್‌ಗಳು ಅಜ್ಜನ ಕಾಲದಿಂದ ಕೊಳ್ಳುತ್ತಿವೆ. ರುಚಿ ಒಂಚೂರು ಬದಲಾದರೂ ಬಾರ್‌ನವರು ಬೆಳಿಗ್ಗೆ ಬೆಳಿಗ್ಗೆಯೇ ಫೋನ್ ಮಾಡುತ್ತಾರೆ. ಈ ಯಜಮಾನರು ಉತ್ತರ ಕೊಡಬೇಕಾದದ್ದು ಆ ಬಾರ್‌ಗಳಿಗೆ. ಮುಂದಿನ ವರ್ಷವೂ, ಅದರ ಮುಂದಿನ ವರ್ಷವೂ ಇದೇ ತೋಟದ ಕಾಫಿ, ಇದೇ ಕೈಕೆಲಸದಲ್ಲಿ ಸಿಗುತ್ತದೆಯೇ? ಇಡೀ ದಿನದ ಮಾತಿನ ಒಳಗೆ ಅವರು ಕೇಳುತ್ತಿದ್ದದ್ದು ಇದನ್ನು.

ಇದು ತಿಳಿದ ಮೇಲೆ ರೇಟಿನ ಮಾತು ಸುಲಭವಾಯಿತು. ರೋಬಸ್ಟಾಗೆ ಲಂಡನ್ ಮಾರುಕಟ್ಟೆಯ ದರವೇ ಅಳತೆಗೋಲು. ಟನ್ನಿಗೆ ಇಷ್ಟು ಡಾಲರ್ ಅಂತ ಅಲ್ಲಿ ದಿನವೂ ಏರಿಳಿಯುತ್ತದೆ. ಅದರ ಮೇಲೆ ಗುಣಮಟ್ಟಕ್ಕೆ ತಕ್ಕಂತೆ ಕೂಡಿಸುವ ಅಥವಾ ಕಳೆಯುವ ಮೊತ್ತಕ್ಕೆ ಡಿಫರೆನ್ಷಿಯಲ್ ಅನ್ನುತ್ತಾರೆ. ಭಾರತದ ತೊಳೆದ ರೋಬಸ್ಟಾಗೆ ಒಳ್ಳೆಯ ಹೆಸರಿದೆ, ಹಾಗಾಗಿ ಲಂಡನ್ ದರಕ್ಕಿಂತ ಮೇಲೆಯೇ ಸಿಗುತ್ತದೆ. ನಾನು ಎರಡು ಡಾಲರ್ ಜಾಸ್ತಿ ಕೊಡಿ ಅಂತ ಎಳೆದಾಡಲಿಲ್ಲ. ಇಂತಿಂಥ ತೋಟಗಳ ಕಾಫಿಯನ್ನು ಪ್ರತಿ ವರ್ಷ ಮೊದಲು ನಿಮಗೆ ತೋರಿಸುತ್ತೇವೆ, ನೀವು ಬೇಡ ಅಂದರೆ ಮಾತ್ರ ಬೇರೆಯವರಿಗೆ, ಅಂತ ಹೇಳಿದೆ. ನಾನು ಕೇಳಿದ ಡಿಫರೆನ್ಷಿಯಲ್‌ಗೆ ಅವರು ಅಲ್ಲೇ ಒಪ್ಪಿದರು. ಯಜಮಾನರೇ ಎದುರಿಗೆ ಕೂತಿದ್ದರಲ್ಲ, ಇನ್ನೊಬ್ಬರನ್ನು ಕೇಳಬೇಕಾಗಿರಲಿಲ್ಲ.

ಜಪಾನ್ ಕಡೆಯ ಮಾತುಕತೆ ಇದಕ್ಕೆ ಪೂರ್ತಿ ಬೇರೆ. ಕೋಬೆಯ ಒಂದು ಆಮದು ಕಂಪನಿ ಅದು. ಸ್ಯಾಂಪಲ್ ಕಳಿಸಿದ ಮೇಲೆ ಪ್ರಶ್ನೆಗಳು ಬಂದವು. ಉತ್ತರ ಕೊಟ್ಟರೆ ಇನ್ನಷ್ಟು ಪ್ರಶ್ನೆಗಳು. ಸಿಂಪಡಣೆಯ ರಿಜಿಸ್ಟರ್ ಇದೆಯಾ? ಯಾವ ತಿಂಗಳು ಯಾವ ಔಷಧಿ? ಪಕ್ಕದ ಶುಂಠಿ ಗದ್ದೆಯವರು ಏನು ಹೊಡೆಯುತ್ತಾರೆ? ನಮ್ಮ ಸದಸ್ಯರಿಗೆ ಇದು ಅಪನಂಬಿಕೆ ಅನ್ನಿಸಿತು. "ಕೊಳ್ಳೋದಾದ್ರೆ ಕೊಳ್ಳಲಿ, ಪೊಲೀಸ್ ವಿಚಾರಣೆ ಯಾಕೆ?" ಅಂದರು. ಕಾರಣ ಅವರ ಕಾನೂನಿನಲ್ಲಿತ್ತು. 2006ರ ಮೇ ತಿಂಗಳಿಂದ ಜಪಾನಿನಲ್ಲಿ, ಪ್ರತ್ಯೇಕ ಮಿತಿ ಗೊತ್ತುಮಾಡದ ಯಾವುದೇ ಕೃಷಿ ರಾಸಾಯನಿಕಕ್ಕೂ ಆಹಾರದಲ್ಲಿ 0.01 ಪಿಪಿಎಂ ಮಿತಿ ಇದೆ. ಅಂದರೆ ಒಂದು ಟನ್ ಕಾಫಿಯಲ್ಲಿ 10 ಮಿಲಿಗ್ರಾಂ. 2008ರ ಹೊತ್ತಿಗೆ ಇಥಿಯೋಪಿಯಾದ ಕಾಫಿ ಇದೇ ಕಾರಣಕ್ಕೆ ಅಲ್ಲಿ ತೊಂದರೆಗೆ ಸಿಕ್ಕಿಹಾಕಿಕೊಂಡಿತ್ತು. ಬಂದರಿನ ಪರೀಕ್ಷೆಯಲ್ಲಿ ಸಿಕ್ಕಿಬಿದ್ದರೆ ಉತ್ತರ ಕೊಡಬೇಕಾದವರು ನಾವಲ್ಲ, ತರಿಸಿಕೊಂಡವರು. ಇದನ್ನು ಸಭೆಯಲ್ಲಿ ಬಿಡಿಸಿ ಹೇಳಿದ ಮೇಲೆ ರಿಜಿಸ್ಟರ್ ಬರೆಯುವುದಕ್ಕೆ ನಮ್ಮವರು ತಕರಾರು ಮಾಡಲಿಲ್ಲ. ತೋಟದ ರೈಟರ (ಲೆಕ್ಕ ಬರೆಯುವವರ) ಕೈಗೆ ಒಂದೊಂದು ಪುಸ್ತಕ ಕೊಟ್ಟೆವು.

ಆಮೇಲೆ ಅವರು ತೋಟಕ್ಕೇ ಬಂದರು. ಒಬ್ಬರು ಹಿರಿಯರು, ಒಬ್ಬ ಕಿರಿಯ, ಒಬ್ಬರು ದುಭಾಷಿ. ಹಿರಿಯರು ಕಣದ ಮೇಲೆ ನಡೆಯುತ್ತಾ ಟಾರ್ಪಾಲಿನ ಅಂಚು ಎತ್ತಿ ಕೆಳಗೆ ತೇವ ಇದೆಯಾ ಅಂತ ಬೆರಳಿಟ್ಟು ನೋಡಿದರು. ಗೋದಾಮಿನಲ್ಲಿ ಖಾಲಿ ಗೋಣಿ ಚೀಲ ತೆಗೆದುಕೊಂಡು, ಬಾಯಿ ಅಗಲಿಸಿ, ಮುಖ ಒಳಗೆ ಇಟ್ಟು ಮೂಸಿದರು. ಕೂಲಿಯವರು ಬೆರಗಾಗಿ ನೋಡುತ್ತಿದ್ದರು. ಸೆಣಬಿನ ನಾರನ್ನು ಮೆದು ಮಾಡಲು ಖನಿಜ ಎಣ್ಣೆ ಹಾಕುವುದುಂಟು. ಅಂಥ ಚೀಲದಲ್ಲಿ ತುಂಬಿದರೆ ಕಾಫಿಗೆ ಸೀಮೆಎಣ್ಣೆ ವಾಸನೆ ಹತ್ತುತ್ತದೆ. ಅದಕ್ಕೇ ಆಹಾರ ಪದಾರ್ಥಕ್ಕೆ ಸಸ್ಯಜನ್ಯ ಎಣ್ಣೆಯಲ್ಲಿ ಮಾಡಿದ ಚೀಲ ಬೇಕು. ನಮ್ಮದು ಅದೇ ಚೀಲ. ಅವರು ಮೂಸಿ, ತಲೆಯಾಡಿಸಿ, ಚೀಲವನ್ನು ನೀಟಾಗಿ ಮಡಚಿ ಇದ್ದ ಜಾಗದಲ್ಲೇ ಇಟ್ಟರು. ಈ ವ್ಯಾಪಾರದಲ್ಲಿ ನಾನು ಕಂಡ ಅತಿ ಗೌರವದ ಪರೀಕ್ಷೆ ಅದು ಅಂತ ಈಗಲೂ ಅನ್ನಿಸುತ್ತದೆ. ನಮ್ಮ ಕೆಲಸವನ್ನು ಅಷ್ಟು ಹತ್ತಿರದಿಂದ ಯಾರೂ ನೋಡಿರಲಿಲ್ಲ.

ಸಂಜೆ ದೊಡ್ಡಪ್ಪನ ಮನೆಯ ಜಗಲಿಯಲ್ಲಿ ರೇಟು ಹೇಳಿದೆ. ಯಾರೂ ಮಾತಾಡಲಿಲ್ಲ. ತುಂಬಾ ಹೊತ್ತು. ಇಂಥ ಹೊತ್ತಿನಲ್ಲಿ ನಮ್ಮವರಿಗೆ ತಡೆಯಲಾಗುವುದಿಲ್ಲ, ಸುಮ್ನೆ ಕೂತವರಿಗೆ ಬೇಸರವಾಗಿದೆ ಅಂದುಕೊಂಡು ತಾವೇ ರೇಟು ಇಳಿಸಿಬಿಡುತ್ತಾರೆ. ಯಾರೂ ಬಾಯಿ ಬಿಡಬೇಡಿ ಅಂತ ಮೊದಲೇ ಹೇಳಿಟ್ಟಿದ್ದೆ. ನಾನು ಕಿರಿಯನ ಕೈ ನೋಡುತ್ತಿದ್ದೆ. ಅವನು ನಾನು ಹೇಳಿದ ರೇಟನ್ನು ಒಂದು ಫಾರಂನಲ್ಲಿ ಬರೆಯುತ್ತಿದ್ದ. ಪಕ್ಕದಲ್ಲಿ ಸಣ್ಣ ಚೌಕಗಳು, ಮೊಹರು ಹಾಕಲು. ಆ ಕಾಗದ ಕೋಬೆಗೆ ಹೋಗಿ ಮೇಜಿನಿಂದ ಮೇಜಿಗೆ ಸಾಗಬೇಕು, ಎಲ್ಲರ ಮೊಹರು ಬಿದ್ದ ಮೇಲೆಯೇ ಹೂಂ ಅಥವಾ ಉಹೂಂ. ನಾವು ಆ ಜಗಲಿಯಲ್ಲಿ ರೇಟು ಇಳಿಸಿದ್ದರೂ ಅದನ್ನು ಒಪ್ಪಿಕೊಳ್ಳುವ ಅಧಿಕಾರ ಅಲ್ಲಿ ಕೂತವರಿಗೆ ಇರಲಿಲ್ಲ. ಹಾಗಾಗಿ ರಾತ್ರಿಯೇ ಕೂತು ಮೂರು ಬೇರೆ ಬೇರೆ ಹಾಳೆ ಮಾಡಿದೆ. ಗುಣಮಟ್ಟ ನೋಡುವವರಿಗೆ ಒಂದು, ಸಾಗಣೆ ನೋಡುವವರಿಗೆ ಒಂದು, ಲೆಕ್ಕ ನೋಡುವವರಿಗೆ ಒಂದು. ಕಿರಿಯನ ಕೈಗೆ ಕೊಟ್ಟೆ. ಅವನ ಮುಖ ಅರಳಿತು. ವಾಪಸ್ ಹೋಗಿ ಅವನು ಮಾಡಬೇಕಿದ್ದ ಕೆಲಸದಲ್ಲಿ ಅರ್ಧ ಮುಗಿದಿತ್ತು.

ಜರ್ಮನಿಯ ಹ್ಯಾಂಬರ್ಗ್‌ನ ಕೊಳ್ಳುವವರ ಜೊತೆ ರೇಟಿನ ಬಗ್ಗೆ ಕಷ್ಟವೇ ಆಗಲಿಲ್ಲ. ಕಷ್ಟ ಆದದ್ದು ಭೂಮಿಯ ಬಗ್ಗೆ. ಕಾಡು ಕಡಿದು ಬೆಳೆದ ಕಾಫಿಯನ್ನು ಒಳಗೆ ಬಿಡುವುದಿಲ್ಲ ಅಂತ ಯುರೋಪಿಯನ್ ಒಕ್ಕೂಟ 2023ರಲ್ಲಿ ಕಾನೂನು ಮಾಡಿತು. 2020ರ ಡಿಸೆಂಬರ್ 31ರ ನಂತರ ಕಾಡು ಕಡಿದಿಲ್ಲ ಅಂತ ತೋರಿಸಬೇಕು, ಪ್ರತಿ ತೋಟದ ಜಾಗವನ್ನು ನಕ್ಷೆಯಲ್ಲಿ ಗುರುತಿಸಬೇಕು. 4 ಹೆಕ್ಟೇರ್‌ಗಿಂತ ದೊಡ್ಡ ತುಂಡಾದರೆ ಸುತ್ತಳತೆಯ ಗಡಿ ಪೂರ್ತಿ ಕೊಡಬೇಕು. ಜಾರಿಯ ದಿನಾಂಕ ಮುಂದೆ ಮುಂದೆ ಹೋಯಿತು, ಭಾರತವನ್ನು ಕಡಿಮೆ ಅಪಾಯದ ದೇಶಗಳ ಪಟ್ಟಿಗೂ ಸೇರಿಸಿದರು. ಆದರೂ ಕೊಳ್ಳುವವರು ತಯಾರಿ ಬಿಡಲಿಲ್ಲ.

ಅಲ್ಲಿ ನಮ್ಮ ವ್ಯವಹಾರ ನೋಡುವವರು ಒಬ್ಬ ಮಹಿಳೆ. ಅವರ ಪತ್ರಗಳಲ್ಲಿ ಕುಶಲ ವಿಚಾರಿಸುವ ಸಾಲು ಇರುವುದಿಲ್ಲ. ಒಂದು, ಎರಡು, ಮೂರು ಅಂತ ಅಂಕಿ ಹಾಕಿ ಪ್ರಶ್ನೆ. "ನಾಲ್ಕನೇ ಉತ್ತರ ಸಾಲದು" ಅಂತ ನೇರವಾಗಿ ಬರೆಯುತ್ತಾರೆ. ನಮ್ಮ ಸಭೆಯಲ್ಲಿ ಇದನ್ನು ಓದಿದಾಗ ಒಬ್ಬರು ಗೌಡರು ಎದ್ದು ನಿಂತರು. "ನಮ್ಮಜ್ಜ ನೆಟ್ಟ ತೋಟ. ಕಾಗದ ಕೇಳೋಕೆ ಇವರ್ಯಾರು?" ಅಂದರು. ಅವರ ಸಿಟ್ಟು ನನಗೆ ಅರ್ಥ ಆಗುತ್ತದೆ. ನಮ್ಮಲ್ಲಿ ಎಷ್ಟೋ ತೋಟಗಳ ಪಹಣಿ ಅಣ್ಣತಮ್ಮಂದಿರ ಹೆಸರಲ್ಲಿ ಜಂಟಿಯಾಗಿದೆ. ಪೋಡಿ, ಅಂದರೆ ಸರ್ವೆ ಮಾಡಿ ಪಾಲು ಬೇರೆ ಮಾಡುವುದು, ಆಗಿಲ್ಲ. ಯಾರು ಯಾವ ಕಡೆ ಬೆಳೆಯುತ್ತಾರೆ ಅಂತ ಮನೆಯವರಿಗೆ ಗೊತ್ತು, ಊರಿಗೆ ಗೊತ್ತು, ದಾಖಲೆಗೆ ಗೊತ್ತಿಲ್ಲ. ಆ ಬೇಲಿಯ ವಿಷಯ ಎತ್ತಿದರೆ ಮನೆಯೊಳಗಿನ ಹಳೇ ನೋವುಗಳೂ ಎದ್ದು ಬರುತ್ತವೆ. ಹ್ಯಾಂಬರ್ಗ್‌ನಲ್ಲಿ ಕೂತವರಿಗೆ ಇದು ಗೊತ್ತಾಗುವುದು ಹೇಗೆ? ನಾನೇ ಹೇಳಬೇಕು. ಹೇಳಿದೆ. ಪಹಣಿ ಅಂದರೇನು, ಜಂಟಿ ಖಾತೆ ಯಾಕೆ ಇದೆ, ಇದರಲ್ಲಿ ಮುಚ್ಚಿಡುವಂಥದ್ದು ಯಾಕಿಲ್ಲ ಅಂತ ಉದ್ದವಾಗಿ ಬರೆದು ಕಳಿಸಿದೆ.

ದೊಡ್ಡ ತಕರಾರು ಉಪಗ್ರಹ ಚಿತ್ರದ್ದು. ನಮ್ಮ ತೋಟ ಮೇಲಿನಿಂದ ನೋಡಿದರೆ ಕಾಡೇ. ಸಿಲ್ವರ್ ಓಕ್, ಹಲಸು, ಅತ್ತಿ, ಕಾಡುಮರಗಳ ಕೆಳಗೆ ಕಾಫಿ ಇದೆ. ಮಳೆಗಾಲಕ್ಕೆ ಮೊದಲು ಮರಗಸಿ ಮಾಡಿ ಕೊಂಬೆ ತೆಗೆದರೆ ಚಿತ್ರದಲ್ಲಿ ಹಸಿರು ಕಡಿಮೆಯಾಗುತ್ತದೆ, ಕಾಡು ಕಡಿದ ಹಾಗೆ ಕಾಣುತ್ತದೆ. ಆ ಕಾನೂನಿನ ಪ್ರಕಾರ ಮುಖ್ಯವಾಗಿ ಕೃಷಿಗೆ ಬಳಸುವ ಭೂಮಿ, ಮರ ಎಷ್ಟೇ ಇರಲಿ, ಕಾಡಲ್ಲ. ನಾನು ಆ ವ್ಯಾಖ್ಯೆಯನ್ನೇ ಹಿಡಿದುಕೊಂಡೆ. ಕಾಫಿ ಮಂಡಳಿಯ ಹಳೆಯ ನೋಂದಣಿ ಪತ್ರಗಳು, ಮರಗಸಿಗೆ ಮೊದಲು ಮತ್ತು ಆಮೇಲೆ ಒಂದೇ ಜಾಗದಿಂದ ತೆಗೆದ ಫೋಟೋಗಳು, ಎಲ್ಲ ಸೇರಿಸಿ ಅವರ ಅಂಕಿಯ ಕ್ರಮದಲ್ಲೇ ಉತ್ತರ ಕಳಿಸಿದೆ. ಮರುದಿನವೇ ಒಂದು ಸಾಲಿನ ಉತ್ತರ ಬಂತು: ಈಗ ಸಾಕು, ಧನ್ಯವಾದ. ಆ ನೇರ ಮಾತಿನ ಬೆಲೆ ಆಗ ಗೊತ್ತಾಯಿತು. ಸಾಲದು ಅಂದಾಗ ನಿಜವಾಗಿಯೂ ಸಾಲದು, ಸಾಕು ಅಂದಾಗ ನಿಜವಾಗಿಯೂ ಸಾಕು. ಮುಂದೊಂದು ಸಲ, ನಿಮ್ಮಲ್ಲಿ ಪುಡಿ ಅಷ್ಟು ದುಬಾರಿ, ನಮಗೆ ಬರುವುದು ಇಷ್ಟೇ, ಯಾಕೆ ಅಂತ ಸದಸ್ಯರ ಪರವಾಗಿ ಕೇಳಿದೆ. ಅವರು ಪೂರ್ತಿ ಲೆಕ್ಕ ಬಿಡಿಸಿ ಕಳಿಸಿದರು. ಹುರಿದ ಕಾಫಿ ಕಿಲೋಗೆ 2.19 ಯೂರೋ ಬರೀ ಕಾಫಿ ತೆರಿಗೆಯೇ ಜರ್ಮನಿಯಲ್ಲಿ ಹೋಗುತ್ತದೆ ಅಂತ ನಮ್ಮ ಗೌಡರಿಗೆ ಗೊತ್ತಾದದ್ದು ಹಾಗೆ.

ಇದೆಲ್ಲ ಒಂದು ಹದಕ್ಕೆ ಬಂತು ಅನ್ನುವಾಗ ರೇಟು ಹಾರಿತು. 2023ರ ಅಕ್ಟೋಬರ್‌ನಲ್ಲಿ ಲಂಡನ್ ರೋಬಸ್ಟಾ ಟನ್ನಿಗೆ ಸುಮಾರು 2,400 ಡಾಲರ್ ಇತ್ತು. ವಿಯೆಟ್ನಾಂನಲ್ಲಿ ಬೆಳೆ ಕಡಿಮೆ, ಇದ್ದ ಬೆಳೆಯನ್ನೂ ರೈತರು ಹಿಡಿದಿಟ್ಟುಕೊಂಡರು. ಕೆಂಪು ಸಮುದ್ರದಲ್ಲಿ ಹಡಗುಗಳ ಮೇಲೆ ದಾಳಿ ಶುರುವಾಗಿ ಯುರೋಪಿನ ದಾರಿ ಆಫ್ರಿಕಾ ಸುತ್ತಿ ಹೋಗುವಂತಾಯಿತು. 2024ರ ಏಪ್ರಿಲ್ ಹೊತ್ತಿಗೆ 4,000, ಸೆಪ್ಟೆಂಬರ್‌ಗೆ 5,000 ಡಾಲರ್ ದಾಟಿತು. ವಿಯೆಟ್ನಾಂನಲ್ಲಿ ಮಾತು ಕೊಟ್ಟ ಎಷ್ಟೋ ಜನ ಕಾಫಿ ಕೊಡದೆ ಕೈಯೆತ್ತಿದರು.

ಜಪಾನಿನವರ ಕರಾರು ಲಂಡನ್‌ಗೆ ಅಂಟಿದ್ದಲ್ಲ. ಅಲ್ಲಿಯ ರೋಸ್ಟರ್‌ಗಳು ಇಡೀ ವರ್ಷಕ್ಕೆ ತಮ್ಮ ಬೆಲೆ ಮೊದಲೇ ನಿಗದಿ ಮಾಡಿಕೊಳ್ಳುತ್ತಾರೆ, ಹಾಗಾಗಿ ನಮ್ಮ ರೇಟೂ ಕುಯ್ಲಿಗೆ ಮೊದಲೇ ಡಾಲರ್‌ನಲ್ಲಿ ಗಟ್ಟಿಯಾಗಿತ್ತು. ಕಾಫಿ ಕಣಕ್ಕೆ ಬರುವಷ್ಟರಲ್ಲಿ ನಮ್ಮೂರ ವ್ಯಾಪಾರಿಗಳೇ ಅದಕ್ಕಿಂತ ತುಂಬಾ ಜಾಸ್ತಿ ಕೊಡುತ್ತಿದ್ದರು. ಸಭೆ ಕರೆದೆ. "ಇಷ್ಟು ರೇಟ್ ಇರುವಾಗ ಹಳೇ ರೇಟಿಗೆ ಕೊಡೋಕೆ ನಮಗೇನು ಹುಚ್ಚಾ?" ಅಂತ ಒಬ್ಬರು ಕೇಳಿದರು. ಮಗಳ ಮದುವೆ ಇಟ್ಟುಕೊಂಡವರು, ಹತ್ತಾರು ವರ್ಷ ಕಡಿಮೆ ರೇಟಿನಲ್ಲಿ ನರಳಿದವರು. ಅವರ ಪ್ರಶ್ನೆ ನ್ಯಾಯವೇ. ಮಾತು ಮುರಿಯುವುದು ನನಗೆ ಸುತರಾಂ ಇಷ್ಟ ಇರಲಿಲ್ಲ, ಹಾಗಂತ ಅವರಿಗೆ ನೀತಿ ಹೇಳುವ ಹಕ್ಕೂ ನನಗಿಲ್ಲ.

ಸಾಗಣೆಯ ತಿಂಗಳು ಬರುವ ಮೊದಲೇ ಕೋಬೆಗೆ ಬರೆದೆ. ಬೇಡಿಕೆ ಮೊದಲು ಇಡಲಿಲ್ಲ. ಕರಾರಿನ ರೇಟು, ಆ ವಾರ ನಮ್ಮೂರಲ್ಲಿ 50 ಕಿಲೋ ಮೂಟೆಗೆ ಇದ್ದ ರೇಟು, ಕುಯ್ಲಿನ ಕೂಲಿ, ಒಬ್ಬೊಬ್ಬ ಸದಸ್ಯನಿಗೆ ಆಗುವ ವ್ಯತ್ಯಾಸ, ಎಲ್ಲ ಒಂದು ಹಾಳೆಯಲ್ಲಿ. ಕರಾರು ಉಳಿಸಿಕೊಳ್ಳಲು ಬಯಸುತ್ತೇವೆ ಅಂತ ಮೇಲೆ ಬರೆದಿದ್ದೆ. ವಾರಗಟ್ಟಲೆ ಉತ್ತರ ಇಲ್ಲ. ಮಧ್ಯೆ ಕಿರಿಯ ಫೋನ್ ಮಾಡಿ ಪ್ರಶ್ನೆ ಕೇಳುತ್ತಿದ್ದ. ಒಂದು ದಿನ ಕೇಳಿದ: ಹಳೇ ರೇಟಿಗೇ ಕೊಟ್ಟರೆ ನಿಮ್ಮ ಗುಂಪಿನಿಂದ ಎಷ್ಟು ಜನ ಹೊರಗೆ ಹೋಗುತ್ತಾರೆ? ನನಗೆ ಗೊತ್ತಿದ್ದಷ್ಟನ್ನು ಮುಚ್ಚಿಡದೆ ಹೇಳಿದೆ. ಅವರ ಚಿಂತೆ ಏನು ಅಂತ ಆಗ ಕಂಡಿತು. ಕಷ್ಟಪಟ್ಟು ಪರೀಕ್ಷೆ ಮಾಡಿದ, ರಿಜಿಸ್ಟರ್ ಇರುವ ತೋಟಗಳು ಚದುರಿಹೋದರೆ ಮತ್ತೆ ಮೊದಲಿಂದ ಶುರು ಮಾಡಬೇಕು. ಕೊನೆಗೆ ಅವರ ಉತ್ತರ ಬಂತು: ಮೊದಲ ಕಂಟೇನರ್ ಮಾತಾದ ರೇಟಿಗೇ ಬರಲಿ. ಎರಡನೆಯದಕ್ಕೆ ವ್ಯತ್ಯಾಸದಲ್ಲಿ ಅರ್ಧ ನಾವು ಹೊರುತ್ತೇವೆ. ಎರಡೂ ಮಾತಾದ ತಿಂಗಳಲ್ಲೇ ಹೊರಡಬೇಕು.

ಉಳಿದ ನಷ್ಟ ಯಾರ ತಲೆಗೆ? ಜಪಾನಿಗೆ ಕಾಫಿ ಕೊಟ್ಟವರು ಮಾತ್ರ ಹೊರುವುದು ಅನ್ಯಾಯ. ದಾರಿ ತೋರಿಸಿದ್ದು ದೊಡ್ಡಪ್ಪ. "ಪೂಲ್ ಕಾಲದಲ್ಲಿ ಮಾಡ್ತಿದ್ದ ಹಾಗೆ ಮಾಡಿ. ಯಾರ ಕಾಫಿ ಎಲ್ಲಿಗಾದ್ರೂ ಹೋಗ್ಲಿ, ದರ್ಜೆ ನೋಡಿ ಎಲ್ಲರಿಗೂ ಸರಾಸರಿ ರೇಟ್ ಹಾಕಿ" ಅಂದರು. ಇಟಲಿಯಿಂದ ಬಂದ ಹೆಚ್ಚಿನ ದುಡ್ಡು, ಜಪಾನಿನಿಂದ ಬಂದ ಕಡಿಮೆ ದುಡ್ಡು ಒಟ್ಟು ಸೇರಿಸಿ ಹಂಚಿದೆವು. ಇಬ್ಬರು ಗುಂಪು ಬಿಟ್ಟರು. ಉಳಿದವರು ಉಳಿದರು. ಎರಡೂ ಕಂಟೇನರ್ ಹೇಳಿದ ತಿಂಗಳಲ್ಲಿ ಮಂಗಳೂರಿನಿಂದ ಹೊರಟವು.

ಟ್ರಿಯೆಸ್ಟೆಯಲ್ಲಿ ರೇಟಿನ ಜಗಳ ಇರಲಿಲ್ಲ, ಅದು ಲಂಡನ್ ಜೊತೆಗೇ ಏರುತ್ತಿತ್ತು. ಆದರೆ ಯಜಮಾನರು ಫೋನಿನಲ್ಲಿ ಜೋರಾಗಿ ಕೂಗಾಡಿದರು, ದುಡ್ಡು ಕೊಡಲು 90 ದಿನ ಬೇಕು ಅಂದರು. ಇಷ್ಟು ದಿನ ಸಾಗಣೆಯ ಕಾಗದ ಬ್ಯಾಂಕಿಗೆ ಬಂದ ಕೂಡಲೇ ದುಡ್ಡು ಕಟ್ಟುತ್ತಿದ್ದವರು. ಕೂಗಿ ಮುಗಿಯುವವರೆಗೆ ಕೇಳಿದೆ, ಆಮೇಲೆ ಲೆಕ್ಕ ಹಾಕಿದೆ. ಒಂದು ಕಂಟೇನರ್‌ನಲ್ಲಿ 60 ಕಿಲೋದ 320 ಚೀಲ, 19.2 ಟನ್. 2,400 ಡಾಲರ್ ಇದ್ದಾಗ ಅದಕ್ಕೆ 46,080 ಡಾಲರ್. 5,000 ಆದಾಗ 96,000. ಅಷ್ಟೇ ಕಾಫಿ, ದುಡ್ಡು ಎರಡು ಪಟ್ಟು, ಅವರಿಗೆ ಬ್ಯಾಂಕ್ ಕೊಡುವ ಸಾಲದ ಮಿತಿ ಮಾತ್ರ ಹಳೆಯದೇ. ಈ ಸಲ ಅವರು ಉತ್ತರ ಕೊಡಬೇಕಿದ್ದದ್ದು ಬಾರ್‌ಗಳಿಗಲ್ಲ, ಬ್ಯಾಂಕಿಗೆ. ಅರ್ಧ ದುಡ್ಡು ಕಾಗದ ತಲುಪಿದಾಗ, ಅರ್ಧ 60 ದಿನಕ್ಕೆ ಅಂತ ಒಪ್ಪಿದೆವು. ಬಾಕಿ ಅರ್ಧಕ್ಕೆ ಇಸಿಜಿಸಿ ವಿಮೆ (ಹೊರದೇಶದವರು ದುಡ್ಡು ಕೊಡದಿದ್ದರೆ ರಫ್ತುದಾರರಿಗೆ ನಷ್ಟ ತುಂಬಿಕೊಡುವ ಸರ್ಕಾರಿ ಕಂಪನಿಯ ವಿಮೆ) ಮಾಡಿಸಿದೆವು, ಅದರ ಪ್ರೀಮಿಯಂ ಅವರೇ ಕೊಟ್ಟರು. ಮರುದಿನ ಮತ್ತೆ ಫೋನ್ ಮಾಡಿದರು. ಹೂಮಳೆ ಆಯಿತಾ ಅಂತ ಕೇಳಿದರು.

ಈಗಿನ ಕರಾರುಗಳಲ್ಲಿ ಕೆಲವು ಬದಲಾವಣೆ ಮಾಡಿಕೊಂಡಿದ್ದೇವೆ. ಕೋಬೆಯವರಿಗೆ ಅರ್ಧ ಕಾಫಿ ಗಟ್ಟಿ ರೇಟಿಗೆ, ಅರ್ಧ ಲಂಡನ್ ರೇಟಿಗೆ. ಇಂತಿಷ್ಟಕ್ಕಿಂತ ಏರಿದರೆ ಅಥವಾ ಇಳಿದರೆ ಇಬ್ಬರೂ ಕೂತು ಮಾತಾಡಬೇಕು ಅನ್ನುವ ಒಂದು ಸಾಲು ಸೇರಿಸಿದ್ದೇವೆ. ಆ ಸಾಲಿಗೆ ಎಲ್ಲ ಮೇಜುಗಳ ಮೊಹರು ಬೀಳಲು ತಿಂಗಳುಗಳೇ ಹಿಡಿದವು. ಹ್ಯಾಂಬರ್ಗ್‌ಗೆ ಕಳಿಸಬೇಕಾದ ನಕ್ಷೆಗಳಲ್ಲಿ ಇನ್ನೂ ಕೆಲವು ತೋಟಗಳ ಪೋಡಿ ಬಾಕಿ ಇದೆ. ಸರ್ವೆಯರ್ ಬರುವ ದಿನ ಅಣ್ಣತಮ್ಮಂದಿರು ಎಲ್ಲರೂ ತೋಟದಲ್ಲಿ ಇರಬೇಕು ಅಂತ ಮನೆ ಮನೆಗೆ ಹೋಗಿ ಹೇಳಿ ಬರುತ್ತಿದ್ದೇನೆ. ಸಭೆಯಲ್ಲಿ ಎದ್ದು ನಿಂತಿದ್ದ ಗೌಡರು ತಮ್ಮ ತಮ್ಮನನ್ನು ತಾವೇ ಕರೆದು ತರುತ್ತೇನೆ ಅಂದಿದ್ದಾರೆ.